ಹೊಲವೂ ಪಹಣಿಯೂ

ಹೊಲ ಬೇರೆ, ಹೊಲದ ಪಹಣಿ ಬೇರೆ. ಈ ಮಾತನ್ನು ನಮ್ಮ ಯಾದಗಿರಿ ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಲವೆಂದರೆ ಕರಿಮಣ್ಣು, ಬದು, ಬದುವಿನ ಮೇಲಿನ ಬೇವಿನ ಮರ, ತೊಗರಿಯ ಸಾಲು. ಪಹಣಿಯೆಂದರೆ ಒಂದು ಹಾಳೆ. ಆ ಹಾಳೆಯಲ್ಲಿ ಹಿಡಿ ಮಣ್ಣಿಲ್ಲ. ಅದರ ಮೇಲೆ ಒಂದು ತೆನೆಯೂ ಬೆಳೆಯುವುದಿಲ್ಲ. ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರನ ಹೆಸರು, ಬೆಳೆ, ಹಕ್ಕು, ಋಣ, ಇಷ್ಟೇ ಅದರ ಸಂಪತ್ತು. ಆದರೂ ತಹಸೀಲು ಕಚೇರಿಯ ಕಟ್ಟೆಯ ಮೇಲೆ ಮುಂಜಾನೆಯಿಂದ ಕುಳಿತ ಮುದುಕನ ಮುಖವನ್ನು ಕಂಡವರಿಗೆ ಗೊತ್ತು: ಹಾಳೆಯಲ್ಲಿ ಒಂದು ಅಕ್ಷರ ತಪ್ಪಿದರೆ ಆತನ ಕಾಲ ಕೆಳಗಿನ ಮಣ್ಣೇ ಸರಿದಂತಾಗುತ್ತದೆ. ಹೊಲ ಇದ್ದಲ್ಲೇ ಇದ್ದಿತು. ಅದು ಯಾರದೆಂಬುದು ಮಾತ್ರ ಕಳೆದುಹೋಯಿತು. ಹಾಗಾದರೆ, ಒಂದು ವಸ್ತುವಿನ ಹೊರಗೆ ನಿಂತು ಅದರ ವಿಷಯವಾಗಿ ಬರೆದ ಬರಹವು ಆ ವಸ್ತುವಿಗೆ ಸೇರಿದುದೋ, ಅಲ್ಲವೋ? ಇದು ವಕೀಲರ ಪ್ರಶ್ನೆಯೆಂದು ನಾನು ಬಹುಕಾಲ ತಿಳಿದಿದ್ದೆ. ಇದು ನೀತಿಯ ಪ್ರಶ್ನೆಯೂ ಹೌದೆಂದು ನನಗೆ ಕಲಿಸಿದುದು ಒಂದು ಪೆನ್‌ಡ್ರೈವು.

ನಾನು ಕನ್ನಡದ ಅಧ್ಯಾಪಕ. ಜಾನಪದದ ಪತ್ರಿಕೆಗಾಗಿ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಾಡುಗಳನ್ನು ಸಂಗ್ರಹಿಸಿ ತರಬೇಕು. ಕೆಲವು ವರ್ಷಗಳ ಹಿಂದೆ ಇಬ್ಬರು ತಂದ ಸಂಗ್ರಹಗಳಲ್ಲಿ ಹನ್ನೆರಡು ಬೀಸುವ ಹಾಡುಗಳು ಅಕ್ಷರಶಃ ಒಂದೇ ಆಗಿದ್ದವು. ಒಬ್ಬಳು ಸುರಪುರದ ಕಡೆಯ ಹಳ್ಳಿಯ ಹುಡುಗಿ. ಇನ್ನೊಬ್ಬ ಪಟ್ಟಣದ ಹುಡುಗ. ಯಾರು ಯಾರದನ್ನು ನಕಲು ಮಾಡಿದರು? ಕೇಳಿದರೆ ಇಬ್ಬರೂ ನನ್ನದೆನ್ನುವರು, ಕೇಳಿ ಪ್ರಯೋಜನವೇನು ಎಂದುಕೊಂಡೆ. ಯಾರೋ ಕಲಿಸಿಕೊಟ್ಟಿದ್ದ ವಿದ್ಯೆ ನೆನಪಿಗೆ ಬಂದಿತು. ಇಬ್ಬರ ಪೆನ್‌ಡ್ರೈವುಗಳನ್ನೂ ಒಂದಾದಮೇಲೊಂದು ಕಂಪ್ಯೂಟರಿಗೆ ಹಚ್ಚಿ, ಫೈಲಿನ ಗುಣಲಕ್ಷಣದ ಕಿಟಕಿಯನ್ನು ತೆರೆದು ನೋಡಿದೆ. ಹುಡುಗನ ಫೈಲು ಹುಟ್ಟಿದ್ದು ಆ ತಿಂಗಳ 11ಕ್ಕೆ, ಹುಡುಗಿಯದು 14ಕ್ಕೆ. ಇನ್ನೇನು ಬೇಕು? ಮೂರು ದಿನ ತಡವಾಗಿ ಹುಟ್ಟಿದುದು ಮೂಲವಾಗುವುದು ಹೇಗೆ? ಹುಡುಗಿಯನ್ನು ಕರೆದು, ಇತರರ ಎದುರಿಗೇ, ಹಾಡು ಕದ್ದು ತಂದಿದ್ದೀಯೆ ಎಂದುಬಿಟ್ಟೆ.

ಆಕೆ ಅಳಲಿಲ್ಲ. “ಸರ, ಅವು ನಮ್ಮವ್ವನ ಹಾಡ್ರಿ. ಅಕಿ ಬೀಸ್ತಾ ಹಾಡ್ಯಾಳ್ರಿ, ನಾ ಕುಂತು ಬರ್ದೀನ್ರಿ” ಎಂದಳು. ನಾನು ತಾರೀಖು ತೋರಿಸಿದೆ. ಆಕೆ ಅದನ್ನು ನೋಡಿದಳು. ಅದಕ್ಕೆ ಉತ್ತರವೇನೆಂದು ಆಕೆಗೆ ತಿಳಿಯಲಿಲ್ಲ. ಉತ್ತರ ತಿಳಿಯದವರ ಮೌನವನ್ನು ತಪ್ಪೊಪ್ಪಿಗೆಯೆಂದು ಓದುವುದು ಅಧ್ಯಾಪಕರ ಹಳೆಯ ಚಾಳಿ. ನಾನೂ ಹಾಗೆಯೇ ಓದಿದೆ.

ನನ್ನ ತಪ್ಪನ್ನು ತೋರಿಸಿಕೊಟ್ಟವನು ಕಂಪ್ಯೂಟರು ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಒಬ್ಬ ತರುಣ. ಆತ ಅದೇ ಕಿಟಕಿಯನ್ನು ತೆರೆದು, “ಸರ, ನೀವು ಮೊದಲನೆ ಸಾಲಷ್ಟ ಓದೀರಿ, ಎರಡನೇದ ಓದ್ರಿ” ಎಂದ. ಹುಡುಗಿಯ ಫೈಲು ಹುಟ್ಟಿದ್ದು 14ಕ್ಕೆ, ಕೊನೆಯ ಸಲ ತಿದ್ದಿದ್ದು 9ಕ್ಕೆ! ಹುಟ್ಟುವ ಐದು ದಿನ ಮೊದಲೇ ತಿದ್ದಿಸಿಕೊಂಡ ಕೂಸು! ನನಗೆ ನಗು ಬಂದಿತು, ಆತನಿಗೆ ಬರಲಿಲ್ಲ. ವಿಂಡೋಸ್ ವ್ಯವಸ್ಥೆಯಲ್ಲಿ ಒಂದು ಫೈಲನ್ನು ಬೇರೊಂದು ಜಾಗಕ್ಕೆ ಪ್ರತಿ ಮಾಡಿದಾಗ, ಆ ಪ್ರತಿ ಮಾಡಿದ ಗಳಿಗೆಯೇ ಹೊಸ ಪ್ರತಿಯ ಹುಟ್ಟಿನ ಗಳಿಗೆಯಾಗುತ್ತದೆ. ತಿದ್ದಿದ ತಾರೀಖು ಮಾತ್ರ ಹಳೆಯದೇ ಉಳಿಯುತ್ತದೆ. ಅಂದರೆ ಹುಟ್ಟಿನ ತಾರೀಖು ಬರಹದ ಹುಟ್ಟಲ್ಲ, ಆ ಪ್ರತಿಯ ಹುಟ್ಟು. ಹುಡುಗಿ 9ಕ್ಕೆ ಬರೆದು ಮುಗಿಸಿದ್ದಳು. ಗೆಳೆಯ ನೋಡಿಕೊಡುತ್ತೇನೆಂದು ಕೇಳಿದಾಗ 11ಕ್ಕೆ ಆತನಿಗೆ ಕೊಟ್ಟಿದ್ದಳು. 14ಕ್ಕೆ ತನ್ನ ಅಣ್ಣನ ಕಂಪ್ಯೂಟರಿನಿಂದ ಇನ್ನೊಮ್ಮೆ ಪ್ರತಿ ಮಾಡಿಕೊಂಡು ನನಗೆ ತಂದಿದ್ದಳು. ಹುಡುಗನ ಫೈಲನ್ನು ತಿದ್ದಿದ್ದು 12ಕ್ಕೆ. ಮೊದಲ ಪುಟದ ಹೆಸರು ಬದಲಾಯಿಸಿದ ದಿನ ಅದು. ನಾಲ್ಕು ತಾರೀಖುಗಳನ್ನೂ ಓದಿದ್ದರೆ ಕಥೆಯೆಲ್ಲ ಅಲ್ಲೇ ಇದ್ದಿತು. ನಾನು ಎರಡನ್ನು ಓದಿ ತೀರ್ಪು ಕೊಟ್ಟಿದ್ದೆ. ಕರೆದು ಕೇಳಿದಾಗ ಹುಡುಗ ಒಪ್ಪಿಕೊಂಡ. ಅವನನ್ನು ನಾನು ಅದುವರೆಗೆ ಏನನ್ನೂ ಕೇಳಿರಲೇ ಇಲ್ಲವೆಂಬುದು ಆಗ ನನಗೆ ಹೊಳೆಯಿತು.

ಅಂದಿನಿಂದ ಈ ಹೊರಬರಹದ ವಿಷಯದಲ್ಲಿ ನನಗೊಂದು ಕುತೂಹಲ ಹುಟ್ಟಿತು. ಬಲ್ಲವರು ಇದನ್ನು ಮೆಟಾಡೇಟಾ ಎನ್ನುತ್ತಾರೆ. ನನಗೆ ಅದು ಫೈಲಿನ ಪಹಣಿ. ಪ್ರತಿಯೊಂದು ಫೈಲಿಗೂ, ಅದರೊಳಗಿನ ಬರಹವಲ್ಲದೆ, ಕಂಪ್ಯೂಟರಿನ ವ್ಯವಸ್ಥೆ ಬೇರೆಯಾಗಿ ಇಟ್ಟುಕೊಂಡಿರುವ ಒಂದು ದಾಖಲೆಯುಂಟು: ಹೆಸರು, ಅಳತೆ, ಒಡೆಯ, ಯಾರು ಓದಬಹುದು, ಯಾರು ತಿದ್ದಬಹುದು, ಯಾವಾಗ ಏನಾಯಿತು. ಪಹಣಿ ಹೊಲದಲ್ಲಿ ಇರುವುದಿಲ್ಲ, ಚಾವಡಿಯಲ್ಲಿ ಇರುತ್ತದೆ. ಹಾಗೆಯೇ ಈ ದಾಖಲೆಯೂ ಫೈಲಿನ ಒಡಲಲ್ಲಿ ಇರುವುದಿಲ್ಲ. ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಫೈಲನ್ನು ಒಯ್ದಾಗ ಹೊಲವೇನೋ ಹೋಗುತ್ತದೆ. ಪಹಣಿಯನ್ನು ಮಾತ್ರ ಅಲ್ಲಿಯ ಶಾನಭೋಗ ತನ್ನ ರೂಢಿಯಂತೆ ಹೊಸದಾಗಿ ಬರೆಯುತ್ತಾನೆ. ತನ್ನ ಪುಸ್ತಕದಲ್ಲಿ ಅಂಕಣವಿದ್ದರೆ ಬರೆಯುತ್ತಾನೆ, ಇಲ್ಲದಿದ್ದರೆ ಬಿಡುತ್ತಾನೆ. ಬಿಟ್ಟೆನೆಂದು ಹೇಳುವುದೂ ಇಲ್ಲ.

ಕಾಲಗಣನೆಯನ್ನೇ ನೋಡಿರಿ. ಯುನಿಕ್ಸ್ ಮತ್ತು ಅದರ ಮಾದರಿಯ ಲಿನಕ್ಸ್ 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತವೆ. ವಿಂಡೋಸಿನ ಎನ್‌ಟಿಎಫ್‌ಎಸ್ ವ್ಯವಸ್ಥೆಗೆ 1601ರ ಜನವರಿ 1 ಯುಗಾದಿ. ಅದು ಎಣಿಸುವುದು ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ. ಮ್ಯಾಕಿಂತೋಷಿನ ಹಳೆಯ ವ್ಯವಸ್ಥೆಗೆ 1904. ನಮ್ಮ ಪೆನ್‌ಡ್ರೈವುಗಳಲ್ಲಿ ಇಂದಿಗೂ ಕಾಣುವ ಫ್ಯಾಟ್ ವ್ಯವಸ್ಥೆಗೆ 1980ಕ್ಕೆ ಹಿಂದೆ ಕಾಲವೇ ಇಲ್ಲ. ತಿದ್ದಿದ ಹೊತ್ತನ್ನು ಅದು ಎರಡು ಸೆಕೆಂಡಿಗೊಮ್ಮೆ ಮಾತ್ರ ಗುರುತಿಸಬಲ್ಲುದು. ಅಷ್ಟೇ ಅಲ್ಲ, ಎನ್‌ಟಿಎಫ್‌ಎಸ್ ಮತ್ತು ಲಿನಕ್ಸ್ ಜಗತ್ತಿಗೆಲ್ಲ ಸಾಮಾನ್ಯವಾದ ಸಮಯವನ್ನು ಬರೆದಿಟ್ಟರೆ, ಫ್ಯಾಟ್ ಆಯಾ ಊರಿನ ಗಡಿಯಾರದ ಹೊತ್ತನ್ನು ಬರೆಯುತ್ತದೆ. ಅದು ಯಾವ ಊರಿನ ಗಡಿಯಾರವೆಂಬುದನ್ನು ಬರೆಯುವುದಿಲ್ಲ. ಆದುದರಿಂದ ಇಲ್ಲಿಯ ಫೈಲು ಪರದೇಶಕ್ಕೆ ಹೋದರೆ ಅದರ ಹೊತ್ತನ್ನು ಅಲ್ಲಿಯ ಯಂತ್ರ ತನ್ನೂರಿನ ಹೊತ್ತೆಂದೇ ಓದೀತು. ಲಂಡನ್ನಿನ ಚಳಿಗಾಲದಲ್ಲಿ ಐದೂವರೆ ಗಂಟೆ ಹೀಗೆ ಸದ್ದಿಲ್ಲದೆ ಮಾಯವಾಗುತ್ತದೆ.

ಈ ಗೊಂದಲ ನಮ್ಮ ಸೀಮೆಗೆ ಹೊಸದಲ್ಲ. ನಾವು 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದವರು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವರು. ನಮ್ಮ ಹಳೆಯ ಕಂದಾಯದ ಕಾಗದಗಳು ಉರ್ದುವಿನಲ್ಲಿವೆ. ಅವುಗಳ ವರ್ಷ ಫಸಲಿ. ಸುಗ್ಗಿಯ ಲೆಕ್ಕಕ್ಕೆ ಹೊಂದಿಸಿ ಮೊಗಲರ ಕಾಲದಲ್ಲಿ ಬಂದ ಶಕೆ ಅದು. ಅದಕ್ಕೆ 590 ಅಥವಾ 591 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಸನ್ 1352ರದೆಂದು ಬರೆದ ಒಂದು ಖರೀದಿ ಪತ್ರವಿದೆ. ಓದಿದ ಹಿರಿಯರೊಬ್ಬರು ಅದನ್ನು ಹಿಜರಿಯೆಂದು ತಿಳಿದು 1933ರದೆಂದರು. ಇನ್ನೊಬ್ಬರು ಫಸಲಿಯೆಂದು ತಿಳಿದು 1942ರದೆಂದರು. ಅಂಕಿ ಒಂದೇ, ಕಾಗದ ಒಂದೇ. ಅಂತರ ಒಂಬತ್ತು ವರ್ಷ. ಆ ಒಂಬತ್ತು ವರ್ಷಗಳ ನಡುವೆ ನಮ್ಮ ಮನೆಯಲ್ಲಿ ಇಬ್ಬರು ಸತ್ತಿದ್ದರು, ಒಬ್ಬರು ಹುಟ್ಟಿದ್ದರು. ಹೊಲ ಯಾರ ಪಾಲಿಗೆ ಬಂದುದೆಂಬ ಪ್ರಶ್ನೆ ಆ ಒಂದು ಶಬ್ದದ ಮೇಲೆ ನಿಂತಿದ್ದಿತು. ಬರೆದ ಗುಮಾಸ್ತ ತಪ್ಪು ಮಾಡಿರಲಿಲ್ಲ. ಆತನ ಕಾಲದಲ್ಲಿ ಸನ್ ಎಂದರೆ ಯಾವುದೆಂದು ಎಲ್ಲರಿಗೂ ಗೊತ್ತಿದ್ದಿತು. ಎಲ್ಲರಿಗೂ ಗೊತ್ತಿದೆಯೆಂಬ ಕಾರಣದಿಂದಲೇ ಬರೆಯದೆ ಬಿಟ್ಟ ಮಾತುಗಳು ಮುಂದಿನವರಿಗೆ ಎಷ್ಟು ಕಷ್ಟ ಕೊಡುತ್ತವೆ!

ಒಡೆತನದ ಕಥೆಯೂ ಇಂಥದೇ. ಲಿನಕ್ಸಿನಲ್ಲಿ ಪ್ರತಿ ಫೈಲಿಗೂ ಒಬ್ಬ ಒಡೆಯನಿದ್ದಾನೆ. ಆದರೆ ದಾಖಲೆಯಲ್ಲಿರುವುದು ಅವನ ಹೆಸರಲ್ಲ, ಒಂದು ಸಂಖ್ಯೆ. ಎಷ್ಟೋ ಯಂತ್ರಗಳಲ್ಲಿ ಮೊದಲ ಬಳಕೆದಾರನಿಗೆ 1000 ಎಂಬ ಸಂಖ್ಯೆ ಬರುತ್ತದೆ. ಒಂದು ಡಿಸ್ಕನ್ನು ಕಳಚಿ ಬೇರೊಂದು ಯಂತ್ರಕ್ಕೆ ಜೋಡಿಸಿದರೆ, ಅಲ್ಲಿ ಯಾರು 1000 ಆಗಿರುವರೋ ಅವರೇ ಆ ಫೈಲುಗಳಿಗೆಲ್ಲ ಒಡೆಯರು. ಕ್ರಯವಿಲ್ಲ, ದಾನವಿಲ್ಲ, ಕಳವೂ ಇಲ್ಲ; ಆದರೂ ಒಡೆತನ ಬದಲಾಯಿತು! ಫ್ಯಾಟ್ ವ್ಯವಸ್ಥೆಗೆ ಹೋದರೆ ಒಡೆಯನೆಂಬ ಅಂಕಣವೇ ಇಲ್ಲ. ಪೆನ್‌ಡ್ರೈವು ಯಾರ ಕೈಯಲ್ಲಿದೆಯೋ ಅವರದೇ ಎಲ್ಲ. ಮ್ಯಾಕಿನವರು ಒಂದು ಫೈಲಿನ ಜೊತೆಗೆ ಇನ್ನೂ ಕೆಲವು ಸೂಚನೆಗಳನ್ನು ಕಟ್ಟಿರುತ್ತಾರೆ. ಅವಕ್ಕೆ ಜಾಗವಿಲ್ಲದ ಡಿಸ್ಕಿಗೆ ಹೋದಾಗ ಅವು ಒಂದು ಚುಕ್ಕಿ, ಒಂದು ಅಡಿಗೆರೆಯಿಂದ ಆರಂಭವಾಗುವ ಹೆಸರಿನ ಸಣ್ಣ ಜೊತೆಫೈಲುಗಳಾಗಿ ಹಿಂಬಾಲಿಸುತ್ತವೆ. ನಮ್ಮಂಥವರು ಅವನ್ನು ಕಸವೆಂದು ಅಳಿಸುತ್ತೇವೆ.

ಹೆಸರಾದರೂ ಭದ್ರವೆ? ಸುರಪುರಕ್ಕೆ ಶೋರಾಪುರವೆಂದೂ ಹೆಸರು. ‘ಶೋ’ ಎಂಬ ಅಕ್ಷರವನ್ನು ಕಂಪ್ಯೂಟರು ಎರಡು ಬಗೆಯಾಗಿ ಇಟ್ಟುಕೊಳ್ಳಬಹುದು: ಶಕಾರಕ್ಕೆ ಒಂದೇ ಓತ್ವದ ಸಂಕೇತವನ್ನು ಹಚ್ಚಿ, ಇಲ್ಲವೆ ಎತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘ ಎಂದು ಮೂರು ತುಂಡು ಮಾಡಿ. ಕಣ್ಣಿಗೆ ಎರಡೂ ಒಂದೇ. ಆ್ಯಪಲ್ ಸಂಸ್ಥೆಯವರು 1998ರಲ್ಲಿ ತಂದ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿದ್ದಿತು. ವಿಂಡೋಸ್ ಮತ್ತು ಲಿನಕ್ಸ್ ಕೊಟ್ಟುದನ್ನು ಕೊಟ್ಟಂತೆ ಇಡುತ್ತವೆ. ಹೀಗಾಗಿ ಲಿನಕ್ಸಿನ ಒಂದೇ ಫೋಲ್ಡರಿನಲ್ಲಿ ‘ಶೋರಾಪುರ’ ಎಂಬ ಎರಡು ಫೈಲುಗಳು ಅಕ್ಕಪಕ್ಕದಲ್ಲಿ ಕುಳಿತಿರಬಹುದು. ನಮಗೆ ಅವು ಒಂದೇ ಊರು, ಯಂತ್ರಕ್ಕೆ ಎರಡು ಊರು. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು.

ಇಷ್ಟು ಹೇಳಿದ ಮೇಲೆ ವಾಚಕರಲ್ಲಿ ಕೆಲವರು ಕೇಳಬಹುದು: ಸ್ವಾಮಿ, ಈ ಹೊರಬರಹದ ಹಂಗೇಕೆ? ಹಾಡು ಹಾಡೇ ಅಲ್ಲವೆ? ಬೀಸುವ ಕಲ್ಲಿನ ಹಾಡಿಗೆ ಕರ್ತೃವುಂಟೆ, ತಾರೀಖುಂಟೆ? ಯಾರದೂ ಅಲ್ಲದ್ದರಿಂದಲೇ ಅದು ಎಲ್ಲರದಾಗಿ ಉಳಿಯಿತಲ್ಲ! ಈ ಆಕ್ಷೇಪಣೆಯಲ್ಲಿ ಸತ್ಯವುಂಟು. ಒಳ್ಳೆಯ ಮಾತನ್ನು ಯಾರು ಆಡಿದರೆಂದು ತಿಳಿಯದೆಯೂ ನಾವು ಅದರಿಂದ ಬದುಕಬಲ್ಲೆವು. ಆದರೆ ಇದಕ್ಕೆ ಒಂದು ಎಲ್ಲೆಯೂ ಉಂಟು. ತನ್ನ ಹೆಸರನ್ನು ತಾನೇ ಬಿಟ್ಟುಕೊಡುವುದು ತ್ಯಾಗ. ಇನ್ನೊಬ್ಬರ ಹೆಸರನ್ನು ದಾರಿಯಲ್ಲಿ ಬೀಳಿಸಿಬಿಡುವುದು ಅಜಾಗರೂಕತೆ. ಬಿದ್ದ ಜಾಗದಲ್ಲಿ ಮತ್ತೊಬ್ಬರ ಹೆಸರನ್ನು ಕೂಡಿಸುವುದು ಅನ್ಯಾಯ. ಹಾಡಿದ ತಾಯಿಗೆ ಹೆಸರಿನ ಆಸೆ ಇರಲಿಲ್ಲವೆಂಬುದು ಆಕೆಯ ಮಗಳನ್ನು ಕಳ್ಳಿಯೆಂದು ಕರೆಯಲು ನನಗೆ ಪರವಾನಗಿಯಾಗುವುದಿಲ್ಲ.

ನಮ್ಮ ಹಿಂದಿನವರು ಈ ತೊಡಕನ್ನು ಬಲ್ಲವರಾಗಿದ್ದರೆಂದು ತೋರುತ್ತದೆ. ನಮ್ಮ ಸುರಪುರ ಸೀಮೆಯ ಮುದನೂರು ಜೇಡರ ದಾಸಿಮಯ್ಯನ ಊರು. ಆತನ ವಚನಗಳ ಅಂಕಿತ ರಾಮನಾಥ. ಅಂಕಿತವನ್ನು ವಚನದ ಹೊರಗೆ ಬರೆದು ಅಂಟಿಸುತ್ತಿರಲಿಲ್ಲ. ಅದು ವಚನದ ಒಡಲಲ್ಲೇ ಇದೆ. ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ, ಅಚ್ಚಿನಿಂದ ಕಂಪ್ಯೂಟರಿಗೆ ಎಷ್ಟು ಸಲ ಪ್ರತಿಯಾದರೂ, ಯಾವ ವ್ಯವಸ್ಥೆಗೆ ಹೋದರೂ ವಚನದ ಜೊತೆಗೇ ಅಂಕಿತವೂ ಹೋಗುತ್ತದೆ. ಅಂಕಿತಕ್ಕೆ ಹೊರಗಿದ್ದ ಸಂಗತಿಗಳ ಪಾಡೇನಾಯಿತು? ಜೇಡರ ದಾಸಿಮಯ್ಯನೂ ದೇವರ ದಾಸಿಮಯ್ಯನೂ ಒಬ್ಬನೇ, ಇಬ್ಬರೇ ಎಂದು ವಿದ್ವಾಂಸರು ಬಹುಕಾಲ ವಾದಿಸಿದ್ದಾರೆ. ಒಡಲಿನೊಳಗೆ ಬರೆದುದು ಉಳಿಯಿತು. ಹೊರಗೆ ಎಲ್ಲರಿಗೂ ಗೊತ್ತಿದ್ದುದು ಹೋಯಿತು.

ಕಲ್ಲುಗಳೂ ಇದನ್ನೇ ಹೇಳುತ್ತವೆ. ಅಶೋಕನ ಶಾಸನಗಳನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದಿದಾಗ ಅವುಗಳಲ್ಲಿ ದೊರೆತ ಹೆಸರು ದೇವಾನಾಂಪ್ರಿಯ, ಪ್ರಿಯದರ್ಶಿ. ಇವನು ಅಶೋಕನೇ ಎಂದು ಬೇರೆ ಗ್ರಂಥಗಳ ಆಧಾರದಿಂದ ಊಹಿಸಬೇಕಾಯಿತು. ನಮ್ಮ ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆಯ ಶಾಸನದಲ್ಲಿ ಅಶೋಕನೆಂಬ ಹೆಸರೇ ಇದ್ದು ಆ ಊಹೆಗೆ ಬಲ ಬಂದಿತು. ಭೀಮೆಯ ದಂಡೆಯ ಸನ್ನತಿಯ ಕಥೆ ಇನ್ನೂ ವಿಚಿತ್ರ. ಅಲ್ಲಿಯ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿದಾಗ, ವಿಗ್ರಹದ ಪೀಠಕ್ಕೆ ಹಾಕಿದ್ದ ಕಲ್ಲು ಅಶೋಕನ ಧರ್ಮಶಾಸನವೆಂದು ತಿಳಿಯಿತು. ಯಾವ ಕಾಲದಲ್ಲೋ ಯಾರೋ ಒಳ್ಳೆಯ ಚಪ್ಪಡಿಯೆಂದು ತಂದು, ವಿಗ್ರಹ ನಿಲ್ಲಿಸಲು ರಂಧ್ರ ಕೊರೆದು ಇಟ್ಟಿದ್ದರು. ಕಲ್ಲು ಬಂದಿತ್ತು, ಅದು ಏನೆಂಬುದು ಬಂದಿರಲಿಲ್ಲ. ಅವರನ್ನು ನಿಂದಿಸುವಂತಿಲ್ಲ, ಅವರು ಭಕ್ತಿಯಿಂದಲೇ ಮಾಡಿದರು. ಆದರೂ ಕೆಲವು ಅಕ್ಷರಗಳು ಆ ರಂಧ್ರದಲ್ಲಿ ಹೋದವು. ಅಲ್ಲೇ ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಒಬ್ಬ ರಾಜನ ಉಬ್ಬುಚಿತ್ರ ಸಿಕ್ಕಿತು. ಈತ ರಾಜ ಅಶೋಕ ಎಂದು ಶಿಲ್ಪಿ ಬ್ರಾಹ್ಮಿಯಲ್ಲಿ ಆ ಕಲ್ಲಿನ ಮೇಲೆಯೇ ಕೆತ್ತಿದ್ದಾನೆ. ಆ ಎರಡು ಶಬ್ದಗಳಿಲ್ಲದಿದ್ದರೆ ಅದು ಯಾವನೋ ಒಬ್ಬ ರಾಜ, ಪಕ್ಕದಲ್ಲಿ ಯಾವಳೋ ಒಬ್ಬ ರಾಣಿ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹೊರಬರಹ ವಸ್ತುವಿಗೆ ಸೇರಿದುದೆ? ನನ್ನ ಉತ್ತರ ಇದು: ವಸ್ತುವಿನ ಅರ್ಥಕ್ಕೆ ಅದು ಬೇಕಾಗದಿರಬಹುದು, ಆದರೆ ವಸ್ತುವಿನಿಂದ ಮನುಷ್ಯರಿಗೆ ಸಲ್ಲಬೇಕಾದುದನ್ನು ಸಲ್ಲಿಸಲು ಅದು ಬೇಕು. ಆದುದರಿಂದ ಅದು ವಸ್ತುವಿನ ಗುಣವಲ್ಲ, ವಸ್ತುವಿನ ಮೇಲಿರುವ ಋಣ. ಋಣವನ್ನು ಹೊತ್ತೊಯ್ಯುವವನು ಯಾರು? ಪ್ರತಿ ಮಾಡುವವನು. ಲಿನಕ್ಸಿನಲ್ಲಿ ಸುಮ್ಮನೆ ಪ್ರತಿ ಮಾಡೆಂದರೆ ತಿದ್ದಿದ ತಾರೀಖೂ ಹೊಸದಾಗಿಬಿಡುತ್ತದೆ. ಹಳೆಯದನ್ನು ಉಳಿಸೆಂದು ಬೇರೆಯಾಗಿ ಹೇಳಿದರೆ ಮಾತ್ರ ಉಳಿಸುತ್ತದೆ. ಹೇಳದೆ ಸಿಗುವುದು ಅನುಕೂಲ. ಹೇಳಿದರೆ ಸಿಗುವುದು ನಿಷ್ಠೆ. ನಮ್ಮ ಬಾಳಿನಲ್ಲಿಯೂ ಬಹುಮಟ್ಟಿಗೆ ಹೀಗೆಯೇ ಅಲ್ಲವೆ?

ಆದರೆ ಎಲ್ಲ ಭಾರವನ್ನೂ ಒಯ್ಯುವವನ ತಲೆಗೆ ಕಟ್ಟಿ ನಾನು ತಪ್ಪಿಸಿಕೊಳ್ಳುವಂತಿಲ್ಲ. ಇಲ್ಲಿ ಸುಳ್ಳು ಹೇಳಿದವರು ಯಾರು? ಯಂತ್ರ ಸುಳ್ಳು ಹೇಳಲಿಲ್ಲ. ಈ ಪ್ರತಿ ಈ ಡಿಸ್ಕಿಗೆ ಎಂದು ಬಂದಿತೆಂಬ ಪ್ರಶ್ನೆಗೆ ಅದು ಸರಿಯಾಗಿ ಉತ್ತರ ಕೊಟ್ಟಿದ್ದಿತು. ಈ ಹಾಡನ್ನು ಮೊದಲು ಬರೆದವರು ಯಾರೆಂದು ಕೇಳಿದವನು ನಾನು. ನನ್ನ ಪ್ರಶ್ನೆಗೆ ಅದರ ಉತ್ತರವನ್ನು ಜೋಡಿಸಿದವನೂ ನಾನೇ. ಹೀಗೆ ಸುಳ್ಳುಗಾರನಿಲ್ಲದೆಯೇ ಒಂದು ಸುಳ್ಳು ಹುಟ್ಟಿತು. ಅದಕ್ಕೆ ಒಬ್ಬ ಹುಡುಗಿ ಬೆಲೆ ತೆತ್ತಳು. ನಾಲ್ಕು ತಾರೀಖುಗಳನ್ನು ಓದಿದ್ದರೆ ಸಾಕಾಗುತ್ತಿತ್ತೆಂದು ಮೇಲೆ ಹೇಳಿದೆನಲ್ಲ, ಅದೂ ಪೂರ್ತಿ ನಿಜವಲ್ಲ. ಕಂಪ್ಯೂಟರಿನ ಗಡಿಯಾರವೇ ತಪ್ಪಿರಬಹುದು. ಬಲ್ಲವರು ಬೇಕೆಂದ ತಾರೀಖನ್ನು ಬೇಕೆಂದಂತೆ ಬರೆದಿಡಬಹುದು. ಅದಕ್ಕೆ ಒಂದು ಸಾಲಿನ ಆಜ್ಞೆ ಸಾಕು. ತಾರೀಖು ಒಬ್ಬ ಸಾಕ್ಷಿ, ಅಷ್ಟೇ. ಅದು ಎಲ್ಲಿ ನಿಂತು ಏನನ್ನು ಕಂಡಿತೆಂದು ಕೇಳದೆ ಅದನ್ನು ನ್ಯಾಯಾಧೀಶನ ಪೀಠದ ಮೇಲೆ ಕೂಡಿಸಬಾರದು. ಎದುರಿಗೆ ನಿಂತ ಹುಡುಗಿಯೂ ಒಬ್ಬಳು ಸಾಕ್ಷಿಯಾಗಿದ್ದಳು. ಆಕೆಯ ಮಾತಿಗಿಂತ ಅಂಕಿ ನನಗೆ ಹೆಚ್ಚು ಗಟ್ಟಿಯೆಂದು ಕಂಡಿತು. ಏಕೆ? ಅಂಕಿಗೆ ಮುಖವಿಲ್ಲ, ಆದುದರಿಂದ ಪಕ್ಷಪಾತವಿಲ್ಲವೆಂದೇ? ಅಥವಾ ಅಂಕಿಯನ್ನು ನಂಬಿದರೆ ಮುಂದೆ ತಪ್ಪಾದಾಗ ನಾನು ತಪ್ಪಿದೆನೆನ್ನಬೇಕಾಗಿಲ್ಲವೆಂದೇ? ಎರಡನೆಯದೇ ನಿಜವಿರಬೇಕೆಂದು ಈಗ ಅನ್ನಿಸುತ್ತದೆ.

ಇತರರ ಎದುರಿಗೆ ಆಡಿದ ಮಾತಾದ್ದರಿಂದ ಇತರರ ಎದುರಿಗೇ ಆಕೆಯ ಕ್ಷಮೆ ಕೇಳಿದೆ. ಅದು ಸಾಕೆನಿಸಲಿಲ್ಲ. ಒಂದು ರವಿವಾರ ಆಕೆಯ ಹಳ್ಳಿಗೆ ಹೋದೆ. ಬೀಸುವ ಕಲ್ಲು ಈಗ ದಿನವೂ ತಿರುಗುವುದಿಲ್ಲ, ಮೂಲೆ ಸೇರಿದ್ದಿತು. ಮಗಳು ಕೇಳಿಕೊಂಡಳೆಂದು ಆ ತಾಯಿ ಅದನ್ನು ಒರೆಸಿ, ಒಂದು ಹಿಡಿ ಜೋಳ ಹಾಕಿ, ಗೂಟ ಹಿಡಿದು ಕುಳಿತರು. ಹಾಡು ಮುಗಿಯುವವರೆಗೆ ಕಲ್ಲು ನಿಲ್ಲಲಿಲ್ಲ. ನಾನು ಬರೆದುಕೊಂಡೆ. ಈ ಸಲ ಫೈಲಿನ ಹೊರಗಲ್ಲ, ಒಳಗೆ, ಹಾಡಿನ ಕೆಳಗೇ ಬರೆದೆ: ಹಾಡಿದವರ ಹೆಸರು, ಊರು, ಅವರಿಗೆ ಈ ಹಾಡು ಬಂದುದು ಅವರ ಅತ್ತೆಯಿಂದ ಎಂಬುದು, ಬರೆದುಕೊಂಡ ದಿನ, ಮೊದಲು ಸಂಗ್ರಹಿಸಿದ ಮಗಳ ಹೆಸರು. ಬರೆದುದನ್ನು ಓದಿ ಹೇಳಿದಾಗ ತಾಯಿ ನಕ್ಕರು. “ಹಾಡಿಗಿ ತಾರೀಖು ಎದಕ್ಕ ಬೇಕ್ರಿ, ಮಾಸ್ತರ?” ಎಂದರು.

ಹಾಡಿಗೆ ಬೇಡ, ನನಗೆ ಬೇಕು ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ ತಿಳಿಯದು. ಬಾಗಿಲಲ್ಲಿ ನಿಂತಿದ್ದ ಮಗಳು ಮಾತ್ರ ತಲೆ ತಗ್ಗಿಸಿದಳು. ಈಗಲೂ ಆ ಫೈಲನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಒಯ್ಯುವಾಗ ಅದರ ಹುಟ್ಟಿದ ತಾರೀಖು ಬದಲಾಗುತ್ತಲೇ ಇದೆ. ಒಳಗೆ ಬರೆದ ಹೆಸರುಗಳು ಇದ್ದಂತೆ ಇವೆ.